ಬೇವಿನ ಮರಕ್ಕೆ ಒದ್ದವರು

ಮೊದಲಿಗೇ ಒಂದು ತಕರಾರು ಮುಗಿಸಿಬಿಡ್ತೀವಿ. ‘ಶಿನ್’ ಅನ್ನೋದಕ್ಕೆ ಕನ್ನಡದಲ್ಲಿ ಏನಂತಾರೆ ಅಂತ ನಮಗೆ ಗೊತ್ತಿರಲಿಲ್ಲ. ನಾವು ನಾಲ್ವರೂ ಇಂಗ್ಲಿಷ್ ಮೀಡಿಯಂನಲ್ಲಿ ಓದಿದವರು. ಒಬ್ಬ ಕಣಕಾಲು ಅಂದ. ಇನ್ನೊಬ್ಬ, ಕಣಕಾಲು ಅಂದ್ರ ಪಾದದ ಮ್ಯಾಲಿನ ಗಂಟು ಅಂತ ಜಗಳಕ್ಕೆ ನಿಂತ. ಕೊನೆಗೆ ಫೋನ್ ಹಚ್ಚಿ ಒಬ್ಬನ ಆಯಿಯನ್ನ ಕೇಳಿದ್ವಿ. “ಮಟನ್ ಉಣ್ಣುವಾಗ ನಳ್ಳಿ ಚೀಪ್ತೀಯಲ್ಲ, ಅದ ಎಲುಬು. ಯಾಕ, ಏನಾತು?” ಅಂದ್ರು. ಏನೂ ಆಗಿಲ್ಲ ಆಯಿ ಅಂತ ಫೋನ್ ಇಟ್ವಿ. ಸುಳ್ಳು. ಆಗಲೇ ಎಲ್ಲಾ ಆಗಿ ಹೋಗಿತ್ತು. ಇಲ್ಲಿ ಮೊಣಕಾಲಿನಿಂದ ಕೆಳಗೆ ಮುಂದುಗಡೆ ಕೈಗೆ ಸಿಗೋ ಆ ಎಲುಬನ್ನ ಕಣಕಾಲು ಅಂತಲೇ ಬರೀತೀವಿ. ತಪ್ಪಿದ್ದರೆ ಕನ್ನಡ ಬಳಗದವರು ತಿದ್ದಿಕೊಳ್ಳಲಿ.

ನಾವು ಅಂದ್ರೆ ಜಮಖಂಡಿಯವ, ಮುಧೋಳದವ, ಬೀಳಗಿಯವ, ಬನಹಟ್ಟಿಯವ. ಹಾಸ್ಟೆಲ್‌ನಲ್ಲಿ ಒಂದೇ ರೂಮು. ಇದನ್ನ ಟೈಪ್ ಮಾಡ್ತಿರೋದು ನಾಲ್ವರಲ್ಲಿ ಯಾರು ಅಂತ ಕೇಳಬೇಡಿ. ಆದ ತಪ್ಪು ನಾಲ್ವರದೂ, ಹಾಗಾಗಿ ‘ನಾವು’ ಅಂತಲೇ ಇರಲಿ.

ಹೋದ ಸೆಮಿಸ್ಟರ್ ಶುರುವಾದಾಗ ಕಿಕ್‌ಬಾಕ್ಸಿಂಗ್ ಹುಚ್ಚು ಹತ್ತಿತು. ಫೆಬ್ರವರಿಯಲ್ಲಿ ಅಂತರ ಕಾಲೇಜು ಪಂದ್ಯ ಇತ್ತು. ನಾಲ್ವರಲ್ಲಿ ನಿಜವಾಗಿ ಆಡಬಲ್ಲವ ಮುಧೋಳದವ ಒಬ್ಬನೇ. ಶಾಲೆಯಲ್ಲಿ ಕರಾಟೆ ಕಲಿತವ, ಕಾಲು ಉದ್ದ, ಮುಧೋಳ ನಾಯಿ ಅಂತಲೇ ನಾವು ಕರೀತಿದ್ವಿ, ಅವನೂ ಹೆಮ್ಮೆಯಿಂದಲೇ ತಗೋತಿದ್ದ. ಉಳಿದ ಮೂವರು ವಿಡಿಯೋ ತೆಗೆಯೋರು, ಎಣಿಸೋರು, ಬುದ್ಧಿ ಹೇಳೋರು. ಬುದ್ಧಿ ಎಲ್ಲಿಂದ ಬಂತು? ಫೋನಿನಿಂದ. ಥಾಯ್ಲೆಂಡಿನವರು ಬಾಳೆಗಿಡಕ್ಕೆ ಒದ್ದು ಒದ್ದು ಕಣಕಾಲನ್ನ ಕಬ್ಬಿಣ ಮಾಡ್ಕೋತಾರೆ ಅಂತ ಒಂದು ವಿಡಿಯೋ. ಗಾಜಿನ ಬಾಟಲಿಯನ್ನ ಎಲುಬಿನ ಮೇಲೆ ಉರುಳಿಸಬೇಕು ಅಂತ ಇನ್ನೊಂದು.

ನಮ್ಮ ಕ್ಯಾಂಪಸ್‌ನಲ್ಲಿ ಬಾಳೆಗಿಡ ಇಲ್ಲ. ಹಾಸ್ಟೆಲ್ ಹಿಂದೆ ಬೇವಿನ ಮರ ಇದೆ.

ಇಲ್ಲೇ ಮೊದಲ ದಡ್ಡತನ ನೋಡಿ. ಬಾಳೆಯದು ಮರವೇ ಅಲ್ಲ. ಎಲೆಯ ಬುಡಗಳು ಒಂದರ ಮೇಲೊಂದು ಸುತ್ತಿಕೊಂಡಿರೋ ದಿಂಡು, ತುಂಬಾ ನೀರು. ಒದ್ದರೆ ಒಳಗೆ ಹೋಗುತ್ತೆ, ಕೊನೆಗೆ ಗಿಡವೇ ಬೀಳುತ್ತೆ. ಬೇವು ಬೀಳಲ್ಲ. ಇದು ನಮ್ಮ ಕಡೆಯ ಯಾವ ರೈತನ ಮಗನಿಗೂ ಗೊತ್ತಿರೋ ವಿಷಯ, ಕೃಷ್ಣಾ ದಂಡೆಯ ಬಾಳೆತೋಟ ನೋಡಿ ಬೆಳೆದವರು ನಾವು. ಆದರೂ ಆ ಸಂಜೆ ಯಾರ ತಲೆಗೂ ಹೊಳೀಲಿಲ್ಲ. ಬೀಳಗಿಯವ ಮರಕ್ಕೆ ಹಳೇ ಗೋಣಿಚೀಲ ಸುತ್ತಿದ. ಅಷ್ಟೇ ನಮ್ಮ ಸೇಫ್ಟಿ.

ಮೊದಲ ದಿನ ನಾಲ್ವರೂ ಒದ್ದಿದ್ವಿ. ಎರಡನೇ ದಿನ ಇಬ್ಬರು. ಮೂರನೇ ದಿನದಿಂದ ಮುಧೋಳದವ ಒಬ್ಬನೇ ಒದೆಯೋದು, ನಾವು ಎಣಿಸೋದು. ಐವತ್ತು, ಎಪ್ಪತ್ತು, ನೂರು. ರಾತ್ರಿ ಮೆಸ್‌ನಿಂದ ತಂದ ಲಟ್ಟಣಿಗೆಯನ್ನ ಕಣಕಾಲ ಮೇಲೆ ಮೇಲಿಂದ ಕೆಳಗೆ ಉರುಳಿಸೋದು. ಮೆಟೀರಿಯಲ್ ಸೈನ್ಸ್ ಲ್ಯಾಬ್ ಆಗಷ್ಟೇ ಶುರುವಾಗಿತ್ತು. ಲೋಹವನ್ನ ಬಡಿದಷ್ಟೂ ಗಟ್ಟಿಯಾಗುತ್ತೆ, ಅದಕ್ಕೆ ಸ್ಟ್ರೇನ್ ಹಾರ್ಡನಿಂಗ್ ಅಂತಾರೆ ಅಂತ ಮೇಷ್ಟ್ರು ಹೇಳಿದ್ದು ನಮ್ಮ ಥಿಯರಿಗೆ ಸರಿಯಾಗಿ ಹೊಂದಿಕೊಂಡಿತು. ಹಾಗೆ ಬಡಿದ ಲೋಹ ಪೆಡಸಾಗುತ್ತೆ ಅಂತಲೂ ಅದೇ ಕ್ಲಾಸಿನಲ್ಲಿ ಹೇಳಿದ್ದರು. ಅದನ್ನ ನೋಟ್ಸಿನಲ್ಲಿ ಬರಕೊಂಡು ಬಿಟ್ಟಿದ್ವಿ.

ನಾಲ್ಕೈದು ವಾರಕ್ಕೆ ಮುಧೋಳದವ ಹೇಳಿದ: “ದೋಸ್ತ, ಈಗ ಏನೂ ನೋವಾಗವಲ್ದು.” ನಾವು ಕುಣಿದಾಡಿಬಿಟ್ವಿ. ಇದನ್ನ ಬರೆಯೋ ಮುಖ್ಯ ಕಾರಣ ಈ ಒಂದು ವಾಕ್ಯ.

ನೋವು ಕಡಿಮೆ ಆಗೋದೂ ಎಲುಬು ಗಟ್ಟಿ ಆಗೋದೂ ಬೇರೆ ಬೇರೆ ಕೆಲಸ. ಒಂದು ವಾರಗಳಲ್ಲಿ ಆಗುತ್ತೆ, ಇನ್ನೊಂದಕ್ಕೆ ತಿಂಗಳುಗಟ್ಟಲೆ ಬೇಕು. ಕಣಕಾಲಿನ ಒಳಬದಿಯಲ್ಲಿ ಎಲುಬಿನ ಮೇಲೆ ಮಾಂಸವೇ ಇಲ್ಲ. ಚರ್ಮ, ಅದರ ಕೆಳಗೆ ಎಲುಬಿಗೆ ಅಂಟಿದ ತೆಳ್ಳನೆ ಪೊರೆ, ಅಷ್ಟೇ. ಆ ಪೊರೆಯ ತುಂಬಾ ನರಗಳು. ಅದಕ್ಕೇ ಮಂಚದ ಅಂಚಿಗೆ ಕಾಲು ಬಡಿದ್ರೆ ಪ್ರಾಣ ಹೋದಂಗೆ ಆಗೋದು. ದಿನಾ ಬಡಿಸ್ಕೊಂಡ್ರೆ ಮಿದುಳು ಆ ನೋವಿಗೆ ಒಗ್ಗಿಕೊಳ್ಳುತ್ತೆ, ‘ಇದು ದಿನಾ ಇರೋದೇ’ ಅಂತ ಸುಮ್ಮನಾಗುತ್ತೆ. ಎಲುಬು ಒಳಗೆ ಇನ್ನೂ ಮೊದಲಿನಷ್ಟೇ ಇರುತ್ತೆ. ಕೆಲವು ಸಲ ಮೊದಲಿಗಿಂತ ಬಡವಾಗಿರುತ್ತೆ.

ಬಡವಾಗೋದು ಹೇಗೆ ಅಂತ ಬೀಳಗಿಯವ ಓದಿ ಹೇಳಿದ. ಎಲುಬು ತನ್ನ ಮೇಲೆ ಬೀಳೋ ಭಾರಕ್ಕೆ ತಕ್ಕಂತೆ ತನ್ನನ್ನ ತಾನೇ ಕಟ್ಟಿಕೊಳ್ಳುತ್ತೆ ಅಂತ ಬರ್ಲಿನ್ನಿನ ಶಸ್ತ್ರವೈದ್ಯ ಜೂಲಿಯಸ್ ವುಲ್ಫ್ 1892ರಲ್ಲಿ ಪುಸ್ತಕ ಬರೆದ. ಮಾತು ನಿಜ. ಟೆನಿಸ್ ಆಡೋರ ರಾಕೆಟ್ ಹಿಡಿಯೋ ಕೈಯ ಎಲುಬು ಇನ್ನೊಂದು ಕೈಗಿಂತ ದಪ್ಪ ಇರುತ್ತೆ. ಆದರೆ ಹೊಸದು ಕಟ್ಟೋಕೆ ಮುಂಚೆ ಹಳೇದನ್ನ ಕೆಡವಬೇಕು. ಸಣ್ಣ ಸಣ್ಣ ಬಿರುಕು ಬಿದ್ದ ಜಾಗಕ್ಕೆ ಒಂದು ಜಾತಿಯ ಜೀವಕೋಶಗಳು ಬಂದು ಆ ಭಾಗವನ್ನ ಕರಗಿಸಿ ತೆಗೀತಾವೆ. ಅದಕ್ಕೆ ಮೂರು ವಾರದ ಆಸುಪಾಸು. ಆಮೇಲೆ ಇನ್ನೊಂದು ಜಾತಿ ಬಂದು ತುಂಬಿಸುತ್ತೆ. ಅದಕ್ಕೆ ಮೂರು ತಿಂಗಳು, ಇನ್ನೂ ಜಾಸ್ತಿ. ನಡುವಿನ ಹೊತ್ತಿನಲ್ಲಿ ಅಲ್ಲಿ ತೂತು ಇರುತ್ತೆ. ಮನೆ ರಿಪೇರಿಗೆ ಗ್ವಾಡಿ ಒಡೆದಿಟ್ಟಾಗಲೇ ಅದರ ಮೇಲೆ ಮಾಳಗಿ ಏರಿಸಿದಂಗೆ ನಮ್ಮ ಕೆಲಸ. ಗ್ವಾಡಿ ಒಡೆದ ವಾರವೇ ನಮ್ಮವನಿಗೆ ನೋವು ನಿಂತಿತ್ತು, ನಾವು ಎಣಿಕೆ ನೂರೈವತ್ತಕ್ಕೆ ಏರಿಸಿದ್ವಿ.

ಇದು ಹೊಸ ವಿಷಯವೂ ಅಲ್ಲ. 1855ರಲ್ಲೇ ಪ್ರಷ್ಯಾದ ಸೈನ್ಯದ ವೈದ್ಯ ಬ್ರೈಟ್‌ಹಾಪ್ಟ್, ದೂರ ದೂರ ಕವಾಯತು ನಡೆದ ಸಿಪಾಯಿಗಳ ಪಾದ ಬಾತು ನೋಯೋದನ್ನ ಬರೆದಿಟ್ಟಿದ್ದ. ಒಳಗೆ ಎಲುಬೇ ಸೀಳಿದೆ ಅಂತ ಗೊತ್ತಾಗಿದ್ದು ಎಕ್ಸ್‌ರೇ ಬಂದ ಮೇಲೆ. ಯಾರೂ ಅವರನ್ನ ಹೊಡೆದಿರಲಿಲ್ಲ, ನಡೆದಿದ್ದರು ಅಷ್ಟೇ. ನಾವು ಮೆಕ್ಯಾನಿಕಲ್‌ನವರು ಇದನ್ನ ಫಟೀಗ್ ಅಂತ ಕಲೀತೀವಿ, ಪರೀಕ್ಷೆಗೆ ಎಸ್-ಎನ್ ಗ್ರಾಫ್ ಬರೆದು ಮಾರ್ಕ್ಸ್ ತಗೋತೀವಿ, ಸಂಜೆ ಹೋಗಿ ಮರಕ್ಕೆ ಒದೀತೀವಿ.

ನವೆಂಬರ್‌ನಲ್ಲಿ ನೋವು ವಾಪಸ್ ಬಂತು, ಆದರೆ ಬೇರೆ ಥರ. ಮೊದಲು ಇಡೀ ಕಣಕಾಲು ಉರೀತಿತ್ತು. ಈಗ ಒಂದೇ ಜಾಗ, ಒಂದು ರೂಪಾಯಿ ನಾಣ್ಯದಷ್ಟು. ಬೆರಳು ಇಟ್ಟು ತೋರಿಸ್ತಿದ್ದ. ರಾತ್ರಿ ಮಲಗಿದಾಗಲೂ ನೋಯ್ತಿತ್ತು. ಒಂದೇ ಕಾಲಿನ ಮೇಲೆ ಕುಪ್ಪಳಿಸಿದ್ರೆ ಕೂಗ್ತಿದ್ದ. ಎಕ್ಸ್‌ರೇ ಮಾಡಿಸಿದ. ಏನೂ ಇಲ್ಲ ಅಂತ ಬಂತು.

ಆವತ್ತು ರೂಮಿನಲ್ಲಿ ನಾವು ಅವನನ್ನ ಆಡಿಕೊಂಡಿದ್ದನ್ನ ಇಲ್ಲಿ ಬರೀಲೇಬೇಕು. “ನಾಟಕ ಮಾಡ್ತಾನ ಮಗ, ಪಂದ್ಯ ಅಂದ್ರ ಹೆದರಿಕಿ” ಅಂದ್ವಿ. ಅವನೂ ನಕ್ಕ. “ರನ್ನ ಹುಟ್ಟಿದ ಊರಾಗ ಹುಟ್ಟಿ ಹೆದರ್ತೀನೇನ್ಲೇ” ಅಂದ. ರನ್ನ ಮುಧೋಳದ ಬಳೆಗಾರರ ಮನೆಯವನು, ಹತ್ತನೇ ಶತಮಾನದ ಕವಿ, ಗದಾಯುದ್ಧ ಬರೆದವನು ಅಂತ ನಮಗೆ ಗೊತ್ತಿತ್ತು. ಆ ಕಾವ್ಯ ಕೊನೆಗೆ ಒಬ್ಬನ ತೊಡೆ ಮುರಿಯೋ ಕಥೆ ಅಂತ ಯಾರೂ ಆಗ ನೆನಪಿಸಿಕೊಳ್ಳಲಿಲ್ಲ. ಮರುದಿನ ಮತ್ತೆ ಮರದ ಹತ್ತಿರ ಹೋದ. ನಾವೂ ಹೋದ್ವಿ, ಎಣಿಸೋಕೆ.

ಇಂಥ ಬಿರುಕು ಮೊದಲ ಎರಡು ಮೂರು ವಾರ ಎಕ್ಸ್‌ರೇಯಲ್ಲಿ ಕಾಣದೇ ಇರೋದೇ ಹೆಚ್ಚು ಅಂತ ಆಮೇಲೆ ತಿಳೀತು. ಎರಡು ವಾರದ ನಂತರ ಮೆಟ್ಟಿಲು ಇಳಿಯೋವಾಗ ಕಾಲು ಊರಲಾರದೆ ಕೂತುಬಿಟ್ಟ. ಎಂಆರ್‌ಐ ಆಯ್ತು. ಬಲಗಾಲಿನ ಕಣಕಾಲಲ್ಲಿ ಬಿರುಕು. ಪೂರ್ತಿ ಮುರಿದಿಲ್ಲ, ಪುಣ್ಯ. ಎರಡು ತಿಂಗಳು ಓಡೋದು, ಜಿಗಿಯೋದು, ಒದೆಯೋದು ಬಂದ್. ಮೊದಲ ಕೆಲವು ವಾರ ಬಗಲ ಕೋಲು. ರಕ್ತ ಪರೀಕ್ಷೆಯಲ್ಲಿ ವಿಟಮಿನ್ ಡಿ ಕೂಡ ಕಡಿಮೆ ಬಂತು. ಮುಧೋಳದ ಬಿಸಿಲಿನಲ್ಲಿ ಬೆಳೆದವನಿಗೆ! ಬೆಳಿಗ್ಗೆಯಿಂದ ಕ್ಲಾಸು, ಲ್ಯಾಬು, ರೂಮು. ಬಿಸಿಲು ಇದ್ದಿದ್ದು ಕಿಟಕಿಯ ಹೊರಗೆ.

ಅವರಪ್ಪ ಬಂದ್ರು. ಕಬ್ಬು ಕಡಿಯೋ ಹಂಗಾಮು, ಗ್ಯಾಂಗ್ ಹೊಲದಲ್ಲಿತ್ತು, ಅಂಥದ್ದರಲ್ಲಿ ಬಿಟ್ಟು ಬಂದಿದ್ರು. ಮಗನಿಗೆ ಒಂದು ಮಾತೂ ಬೈಯಲಿಲ್ಲ. ಆಸ್ಪತ್ರೆಯ ಬೆಂಚಿನ ಮೇಲೆ ಕೂತು ನಮ್ಮ ಮೂವರನ್ನ ನೋಡಿ ಕೇಳಿದ್ರು: “ನೀವೂ ಒದ್ದೀರೇನ್ರಪಾ?”

ನಾವು ಇಲ್ಲರೀ ಅಂದ್ವಿ.

“ಮತ್ತ ನೀವೇನ್ ಮಾಡ್ತಿದ್ರಿ?”

ಯಾರೂ ಉತ್ತರ ಕೊಡಲಿಲ್ಲ.

ಡಿಸೆಂಬರ್ ರಜೆಯಲ್ಲಿ ಜಮಖಂಡಿಗೆ ಹೋದ್ವಿ. ಜಮಖಂಡಿಯವನ ಕಾಕಾ ಹಳೇ ಪೈಲ್ವಾನರು. ಕೃಷ್ಣೆಯ ಆಚೆ ಈಚೆ ಜಾತ್ರೆಯ ಜಂಗಿ ನಿಕಾಲಿ ಕುಸ್ತಿ ಅಂದ್ರೆ ಅವರಿಗೆ ಇವತ್ತಿಗೂ ಕಣ್ಣು ಹೊಳೆಯುತ್ತೆ. ಕುಸ್ತಿಯಲ್ಲಿ ಒದೆಯೋದು ಇಲ್ಲ, ಅವರಿಗೆ ನಮ್ಮ ಆಟದ ಬಗ್ಗೆ ಗೌರವವೂ ಇಲ್ಲ. ಆದರೂ ಮೊಬೈಲಿನಲ್ಲಿ ನಮ್ಮ ವಿಡಿಯೋ ಪೂರ್ತಿ ನೋಡಿದ್ರು. ಮಧ್ಯದಲ್ಲಿ ನಮ್ಮ ದನಿ ಕೇಳಿಸ್ತಿತ್ತು, ಎಂಬತ್ತೆಂಟು, ಎಂಬತ್ತೊಂಬತ್ತು ಅಂತ.

“ಹೊಸಾ ಹುಡುಗ ತಾಲೀಮಿಗೆ ಬಂದ್ರ ನಾವ್ ಮದಲ ಏನ್ ಮಾಡಸ್ತೀವಿ ಗೊತ್ತೈತೇನು? ಮಣ್ಣು ಅಗಸ್ತೀವಿ. ದಿನಾ ಮುಂಜಾನೆ ಸಲಿಕಿ ತಗೊಂಡು ಕಣದ ಮಣ್ಣು ಅಗದು ಮೆತ್ತಗ ಮಾಡಬೇಕು. ಬೀಳಾಕ ಮೆತ್ತಗ ಜಾಗಾ ಮಾಡಿಕೊಂಡ ಮ್ಯಾಲೆ ಬೀಳೂದು ಕಲಿಯೂದು. ನೀವು ಗಟ್ಟಿ ಜಾಗಾ ಹುಡಿಕೊಂಡು ಹೋಗೀರಿ.”

ತಾಲೀಮಿನ ಕೆಂಪು ಮಣ್ಣಿಗೆ ಅರಿಶಿನ, ಮಜ್ಜಿಗೆ, ಎಣ್ಣೆ ಹಾಕಿ ಹದ ಮಾಡೋದನ್ನ ನಾವು ಕೇಳಿದ್ವಿ, ಪೂಜೆಯ ಥರದ್ದು ಅಂದ್ಕೊಂಡಿದ್ವಿ. ಅದು ಎಂಜಿನಿಯರಿಂಗ್ ಅಂತ ಆವತ್ತು ಅನ್ನಿಸಿತು. ಮಲ್ಲರಿಗೆ ಏನು ಉಣಿಸಬೇಕು, ಹೇಗೆ ತಯಾರು ಮಾಡಬೇಕು ಅಂತ ಕಲ್ಯಾಣದ ಚಾಲುಕ್ಯ ರಾಜ ಮೂರನೇ ಸೋಮೇಶ್ವರ ಹನ್ನೆರಡನೇ ಶತಮಾನದಲ್ಲೇ ಮಾನಸೋಲ್ಲಾಸದಲ್ಲಿ ಬರೆದಿಟ್ಟಿದ್ದಾನೆ. ನಾವು ಮೂವತ್ತು ಸೆಕೆಂಡಿನ ರೀಲ್ ನಂಬಿದ್ವಿ.

ಕಾಕಾ ಕೊನೆಗೆ ಇನ್ನೊಂದು ಅಂದ್ರು. “ಕಬ್ಬು ಹಚ್ಚಿ ನಾಕ ತಿಂಗಳಿಗೆ ಕಡೀತಿ ಏನೋ ತಮ್ಮಾ?” ಕಬ್ಬಿಗೆ ವರ್ಷ ಬೇಕು. ಮುಧೋಳದವ ತಲೆ ಬಗ್ಗಿಸಿಕೊಂಡು ಕೂತಿದ್ದ, ಅವನಿಗೆ ಯಾರೂ ಹೇಳಿಕೊಡಬೇಕಾದ ಲೆಕ್ಕ ಅಲ್ಲ ಅದು.

ಅಲ್ಲಿಂದ ಬನಹಟ್ಟಿಗೆ ಹೋದ್ವಿ. ಅಲ್ಲಿ ಓಣಿಗೆ ಕಾಲಿಟ್ಟರೆ ಪವರ್‌ಲೂಮ್ ಸದ್ದು, ಎದುರಿಗಿದ್ದವನ ಮಾತೂ ಕೇಳಲ್ಲ. ನಮ್ಮ ಬನಹಟ್ಟಿಯವನ ಅಪ್ಪ ಮಗ್ಗ ನೋಡಿಕೊಳ್ತಾ ನಿಂತಿದ್ರು. ಹಾಸಿನ ಒಂದು ಎಳೆ ಹರೀತು, ಕೂಡಲೇ ಮಗ್ಗ ನಿಲ್ಲಿಸಿ ಗಂಟು ಹಾಕಿ ಮತ್ತೆ ಚಾಲೂ ಮಾಡಿದ್ರು. ಒಂದೇ ಎಳೆ ಅಲ್ವಾ, ನಡೀತಿತ್ತಲ್ಲ ಅಂದ್ರೆ, “ನಡೀತೈತಿ. ಆದ್ರ ಹರದ ಎಳಿ ಬಾಜೂದ್ದಕ್ಕ ಸುತ್ತಕೊಂಡು ಅದನ್ನೂ ಹರೀತೈತಿ. ಆಮ್ಯಾಲೆ ಪೂರಾ ಸೀರಿ ಹಾಳು” ಅಂದ್ರು. ಅವರಿಗೆ ನಮ್ಮ ಕಾಲಿನ ಕಥೆ ಗೊತ್ತಿರಲಿಲ್ಲ. ಸೀರೆಯ ಬಗ್ಗೆಯೇ ಹೇಳಿದ್ದು.

ಹಾಗಾದ್ರೆ ಕಣಕಾಲನ್ನ ಗಟ್ಟಿ ಮಾಡಲೇಬಾರದಾ? ಒದೆಯೋ ಆಟ ಆಡಬೇಕಂದ್ರೆ ಮಾಡಲೇಬೇಕು, ದಾರಿ ಬೇರೆ. ಡಾಕ್ಟರು, ಕೋಚು, ಓದಿದ್ದು ಎಲ್ಲಾ ಸೇರಿಸಿ ಈಗ ನಾವು ಮಾಡ್ತಿರೋದನ್ನ ಹೇಳ್ತೀವಿ.

ಮೊದಲು ಬ್ಯಾಗು. ಅಂಗಡಿಯ ಬ್ಯಾಗಿಗೆ ದುಡ್ಡಿರಲಿಲ್ಲ. ಬನಹಟ್ಟಿಯಿಂದ ಎರಡು ಚೀಲ ಮಗ್ಗದ ವೇಸ್ಟ್ ನೂಲು ಮತ್ತು ಚಿಂದಿ ಬಟ್ಟೆ ಬಸ್ಸಿನ ಮೇಲೆ ಹೇರಿಕೊಂಡು ತಂದ್ವಿ. ಕಂಡಕ್ಟರ್ ಲಗೇಜ್ ಚಾರ್ಜ್ ಹಾಕಿದ. ಮರಳು ತುಂಬಬೇಡಿ. ಒಂದು ವಾರಕ್ಕೆ ಮರಳೆಲ್ಲಾ ಕೆಳಗೆ ಇಳಿದು ಕಲ್ಲಾಗುತ್ತೆ, ಒದೆ ಬೀಳೋದು ಅಲ್ಲಿಯೇ. ಬ್ಯಾಗು ಒಳಗೆ ತಗ್ಗಬೇಕು, ಸ್ವಲ್ಪ ತೂಗಬೇಕು.

ಆಮೇಲೆ ಎಣಿಕೆ. ನೂರಾರು ಒದೆ ಬೇಕಾಗೇ ಇಲ್ಲ. ಪ್ರಾಣಿಗಳ ಮೇಲೆ ಮಾಡಿದ ಪ್ರಯೋಗಗಳಲ್ಲಿ ಕಂಡದ್ದು ಅಂದ್ರೆ, ಕೆಲವು ಹತ್ತು ಸಲ ಭಾರ ಬಿದ್ದ ಮೇಲೆ ಎಲುಬಿನ ಜೀವಕೋಶಗಳು ಕೇಳಿಸಿಕೊಳ್ಳೋದನ್ನೇ ನಿಲ್ಲಿಸ್ತಾವೆ. ಮತ್ತೆ ಕೇಳಿಸಬೇಕಂದ್ರೆ ಗಂಟೆಗಟ್ಟಲೆ ಬಿಡುವು ಬೇಕು. ಅಂದ್ರೆ ಅರವತ್ತನೇ ಒದೆಯಿಂದ ನೂರೈವತ್ತನೇ ಒದೆವರೆಗೂ ನಮ್ಮವನಿಗೆ ಲಾಭ ಏನೂ ಇರಲಿಲ್ಲ, ಬರೀ ಸವೆತ. ಆ ತೊಂಬತ್ತನ್ನ ಎಣಿಸಿದ್ದು ನಾವು. ಹೊಸಬರು ಶಿನ್ ಗಾರ್ಡ್ ಕಟ್ಟಿಕೊಂಡು, ಅರ್ಧ ಜೋರಿನಲ್ಲಿ, ಒಂದೊಂದು ಕಾಲಿಗೆ ಹದಿನೈದು ಇಪ್ಪತ್ತು ಸಾಕು. ವಾರಕ್ಕೆ ಎರಡು ದಿನ, ಹೆಚ್ಚಂದ್ರೆ ಮೂರು, ನಡುವೆ ಒಂದು ದಿನವಾದ್ರೂ ಖಾಲಿ. ಉಳಿದ ದಿನ ಹಗ್ಗ ಜಿಗಿಯೋದು, ಬೈಠಕ್. ಇವೂ ಎಲುಬಿಗೆ ಭಾರವೇ. ಜೋರು, ಎಣಿಕೆ, ಎರಡನ್ನೂ ಒಟ್ಟಿಗೆ ಏರಿಸಬೇಡಿ. ಲೆಕ್ಕವನ್ನ ತಿಂಗಳಲ್ಲಿ ಇಟ್ಕೊಳ್ಳಿ, ದಿನದಲ್ಲಿ ಬೇಡ.

ಬಾಟಲಿ, ಲಟ್ಟಣಿಗೆ, ರಾಡು ಯಾವುದೂ ಬೇಡ. ಅದರಿಂದ ಎಲುಬಿನ ಪೊರೆ ಜಜ್ಜಿ ಗಂಟು ಕಟ್ಟುತ್ತೆ, ಗಟ್ಟಿ ಆಗಲ್ಲ. ಲಟ್ಟಣಿಗೆಯನ್ನ ಮೆಸ್ ಅಣ್ಣನಿಗೆ ವಾಪಸ್ ಕೊಟ್ವಿ, ಎಲ್ಲಿಗೆ ಬಳಸಿದ್ವಿ ಅಂತ ಹೇಳಲಿಲ್ಲ. ಈಗ ಓದಿ ಗೊತ್ತಾದ್ರೆ ಕ್ಷಮೆ ಇರಲಿ.

ಊಟದ ವಿಷಯದಲ್ಲಿ ನಮ್ಮ ಕಡೆಯವರಿಗೆ ಒಂದು ಕಹಿ ಸುದ್ದಿ. 100 ಗ್ರಾಂ ರಾಗಿಯಲ್ಲಿ 300 ಮಿಲಿಗ್ರಾಂಗೂ ಮೇಲೆ ಕ್ಯಾಲ್ಸಿಯಂ ಇದೆ, ಜೋಳದಲ್ಲಿ ಅದರ ಹತ್ತನೇ ಒಂದು ಪಾಲು ಇದ್ದರೆ ಹೆಚ್ಚು. ರೊಟ್ಟಿ ಬಿಡ್ರಿ ಅಂತ ಹೇಳೋ ಧೈರ್ಯ ನಮಗಿಲ್ಲ. ರೊಟ್ಟಿ ಜೊತೆ ಮೊಸರು ಬಿಡಬೇಡಿ, ಎಳ್ಳು ಬಿಡಬೇಡಿ, ಬಿಸಿಲಿಗೆ ಸ್ವಲ್ಪ ಮೈಯೊಡ್ಡಿ.

ಯಾವಾಗ ನಿಲ್ಲಿಸಬೇಕು ಅನ್ನೋದನ್ನ ಬಾಯಿಪಾಠ ಮಾಡ್ಕೊಳ್ಳಿ. ಇಡೀ ಕಾಲು ಸಣ್ಣಗೆ ನೋಯ್ತಿದ್ರೆ ಎರಡು ದಿನ ಬಿಟ್ಟು ನೋಡಬಹುದು. ಬೆರಳಿಟ್ಟು ತೋರಿಸೋ ಹಾಗೆ ಒಂದೇ ಜಾಗದಲ್ಲಿ ನೋವು, ರಾತ್ರಿಯ ನೋವು, ಒಂಟಿಗಾಲಲ್ಲಿ ಕುಪ್ಪಳಿಸಿದ್ರೆ ನೋವು ಇದ್ರೆ ಒದೆಯೋದು ಬಂದ್, ಡಾಕ್ಟರ ಹತ್ತಿರ ಹೋಗಿ, ಎಕ್ಸ್‌ರೇ ಸರಿ ಇದ್ರೂ ‘ನೋವು ಹೋಗಿಲ್ಲ’ ಅಂತ ಮತ್ತೆ ಹೇಳಿ. ಪೆಟ್ಟು ಬಿದ್ದ ಮೇಲೆ ಮೀನಖಂಡ ಕಲ್ಲಿನಂತೆ ಬಿಗಿದು, ಪಾದ ಜುಮ್ಮೆಂದು, ನೋವು ಏರ್ತಾನೇ ಹೋದ್ರೆ ಬೆಳಗಿನವರೆಗೆ ಕಾಯಬೇಡಿ, ಆವತ್ತೇ ರಾತ್ರಿ ಆಸ್ಪತ್ರೆಗೆ ಓಡಿ. ನೋವಿನ ಗುಳಿಗೆ ನುಂಗಿ ಪ್ರ್ಯಾಕ್ಟೀಸ್ ಮಾಡೋರು ನಮ್ಮ ಬ್ಲಾಕಿನಲ್ಲೇ ಇದ್ದಾರೆ, ಅವರಿಗೆ ಈ ಲಿಂಕ್ ಕಳಿಸ್ತಿದೀವಿ.

ಇಷ್ಟೆಲ್ಲಾ ಮಾಡಿದ್ರೂ ಕಣಕಾಲು ಕಬ್ಬಿಣ ಆಗಲ್ಲ. 2013ರ ಡಿಸೆಂಬರ್‌ನಲ್ಲಿ ಯುಎಫ್‌ಸಿ 168ರಲ್ಲಿ ಆಂಡರ್ಸನ್ ಸಿಲ್ವಾ ಒದ್ದ, ಕ್ರಿಸ್ ವೈಡ್‌ಮನ್ ಮೊಣಕಾಲು ಎತ್ತಿ ತಡೆದ. ಸಿಲ್ವಾನ ಕಾಲು ನಡುವೆ ಮುರಿದು ಹೋಯ್ತು. ವರ್ಷಗಟ್ಟಲೆ ಒದ್ದು ಹದ ಮಾಡಿದ ಕಾಲು ಅದು. 2021ರ ಏಪ್ರಿಲ್‌ನಲ್ಲಿ ಅದೇ ವೈಡ್‌ಮನ್ ಯೂರಾಯಾ ಹಾಲ್‌ಗೆ ಒದ್ದಾಗ ಅವನ ಕಾಲೂ ಹಾಗೇ ಮುರೀತು. ನಮ್ಮ ಬೀಳಗಿಯವ ಸಿವಿಲ್, ಅವನ ಪ್ರಕಾರ ಇದು ಬೀಮಿನ ಲೆಕ್ಕ. ಎಲುಬು ಒತ್ತಿದ್ರೆ ತಡೆಯುತ್ತೆ, ಎಳೆದ್ರೆ ಅಷ್ಟು ತಡೆಯಲ್ಲ, ಕಾಂಕ್ರೀಟಿನ ಗುಣವೇ. ಅಡ್ಡ ಒದ್ದಾಗ ಕಣಕಾಲು ಬಾಗುತ್ತೆ, ಒಂದು ಮೈ ಒತ್ತುತ್ತೆ, ಇನ್ನೊಂದು ಮೈ ಎಳೆಯುತ್ತೆ. ಎದುರಾಳಿಯ ಮೊಣಕಾಲಿನ ಹತ್ತಿರದ ಗಟ್ಟಿ ಎಲುಬಿಗೆ ನಿಮ್ಮ ಕಣಕಾಲಿನ ಕೆಳಗಿನ ತೆಳು ಭಾಗ ಬಡಿದ್ರೆ ಯಾವ ಹದವೂ ಉಳಿಸಲ್ಲ. ಅದಕ್ಕೇ ಕೋಚ್ ಈಗ ಜೋರಿಗಿಂತ ಗುರಿ ಕಲಿಸ್ತಿದಾರೆ, ತೊಡೆಗೆ ಯಾವಾಗ, ಪಕ್ಕೆಗೆ ಯಾವಾಗ, ಯಾವಾಗ ಒದೆಯಲೇಬಾರದು ಅಂತ.

ಫೆಬ್ರವರಿಯ ಪಂದ್ಯವನ್ನ ಮುಧೋಳದವ ಗ್ಯಾಲರಿಯಲ್ಲಿ ಕೂತು ನೋಡಿದ. ಅವನ ತೂಕದ ವಿಭಾಗದಲ್ಲಿ ಗೆದ್ದವನನ್ನ ಅವನು ಅಕ್ಟೋಬರ್‌ನಲ್ಲಿ ಪ್ರ್ಯಾಕ್ಟೀಸ್‌ನಲ್ಲಿ ಎರಡು ಸಲ ಸೋಲಿಸಿದ್ದ. ಹಾಸ್ಟೆಲಿಗೆ ನಡ್ಕೊಂಡು ಬರೋವಾಗ ಯಾರೂ ಮಾತಾಡಲಿಲ್ಲ. ಮೇನ್ ಗೇಟಿನ ಹತ್ತಿರ ಅವನೇ ಚಹಾ ಕುಡಿಸಿದ.

ಬೇವಿನ ಮರದ ಬುಡದಲ್ಲಿ ನಾವು ಒದ್ದ ಎತ್ತರಕ್ಕೆ ತೊಗಟೆ ಜಜ್ಜಿ ಅಂಟು ಸೋರಿತ್ತು, ಈಗ ಒಣಗಿದೆ. ಅದೇ ಮರದ ಕೊಂಬೆಗೆ ಬನಹಟ್ಟಿ ನೂಲಿನ ಬ್ಯಾಗು ಕಟ್ಟಿದೀವಿ. ಡಾಕ್ಟರು ಒಪ್ಪಿಗೆ ಕೊಟ್ಟು ಇದು ಮೂರನೇ ವಾರ. ಎಡಗಾಲಿಗೆ ಹದಿನೈದು, ಬಲಗಾಲಿಗೆ ಹತ್ತು. ಈಗಲೂ ಎಣಿಸೋರು ನಾವೇ. ನಿನ್ನೆ ಹತ್ತು ಅಂದ ಮೇಲೂ “ಇನ್ನೊಂದ ಲೇ, ಒಂದ” ಅಂತ ಬಲಗಾಲು ಎತ್ತಿದ. ಮೂವರೂ ಹೋಗಿ ಬ್ಯಾಗನ್ನ ತಬ್ಬಿ ಹಿಡ್ಕೊಂಡು ನಿಂತ್ವಿ.